1954ರ ವಿಲ್ಲಿಸ್ ಜೀಪ್: ಎಷ್ಟು ಹಳೆಯದು ಉಳಿಸಲಿ?

ಪ್ರಶ್ನೆ:
ನನ್ನ ಸಿಜೆ-3ಬಿ ಜೀಪ್ ಪೂರ್ತಿ ಬಿಚ್ಚಿ ಹರಡಿಕೊಂಡಿದ್ದೇನೆ. ಎಫ್-ಹೆಡ್ ಅನ್ನುವ ಎತ್ತರದ ಎಂಜಿನ್ ಕೂರಲೆಂದೇ ಎತ್ತರಿಸಿದ ಆ ಬಾನೆಟ್ ಅಂದರೆ ನನಗೆ ಪ್ರಾಣ, ಅದನ್ನು ಮುಟ್ಟುವುದಿಲ್ಲ. ಆದರೆ ನಾಲ್ಕೂ ಡ್ರಮ್ ಬ್ರೇಕ್. ಹೋದ ಸಲ ಇಳಿಜಾರಿನಲ್ಲಿ ಪೆಡಲ್ ನೆಲ ಮುಟ್ಟಿತು, ಜೀವ ಬಾಯಿಗೆ ಬಂತು. ಮುಂದೆ ಡಿಸ್ಕ್ ಹಾಕಿಸಲೇ?

ಉತ್ತರ 1:
ಸುಮ್ನೆ ಡ್ರಮ್ ಬೈಯಬೇಡಿ. ಎಲ್ಲೋ ಬ್ರೇಕ್ ಆಯಿಲ್ ಸೋರಿರಬೇಕು. ಇದರಲ್ಲಿರುವುದು ಒಂದೇ ಲೈನ್ ಅಲ್ವಾ, ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಡ್ಯುಯಲ್ ಸರ್ಕ್ಯೂಟ್ ಮಾಸ್ಟರ್ ಸಿಲಿಂಡರ್ ಹಾಕಿಸಿ, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಎರಡು ಬೇರೆ ಲೈನ್‌ಗಳಿಗೆ ತಳ್ಳುವಂಥದ್ದು; ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ. ನೆಲದಡಿ ಇರುತ್ತದೆ, ಯಾರಿಗೂ ಕಾಣುವುದಿಲ್ಲ.

ಉತ್ತರ 2:
ಚಾಸಿಗೆ ಹೊಸ ತೂತು ಮಾತ್ರ ಬೇಡ. ಬಿಚ್ಚಿದ್ದಕ್ಕೆಲ್ಲ ಚೀಟಿ ಕಟ್ಟಿ ಎತ್ತಿಡಿ, ಬೇಕೆಂದಾಗ ಮತ್ತೆ ಮೊದಲಿನಂತೆ ಮಾಡಬಹುದು.

ಕೇಳಿದವನು:
ಹೌದು, ಚಕ್ರದೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಸೋರುತ್ತಿತ್ತು! ಡಿಸ್ಕ್ ಬೇಡ ಬಿಡಿ. 6 ವೋಲ್ಟ್ ವೈರಿಂಗ್ ಮಾತ್ರ 12ಕ್ಕೆ ಬದಲಿಸುತ್ತೇನೆ. ಆ ಮಂಕು ದೀಪ ಸಾಕಾಗಿದೆ.