ಉ: ಕೊರಿಯನ್ ಫ್ರೈಡ್ ಚಿಕನ್‌ಗೆ ಕನ್ನಡದಲ್ಲಿ ಏನು? (ತುರ್ತು)

> ಬೆಂಗಳೂರಿನ ಒಂದು ಕೊರಿಯನ್ ಹೋಟೆಲಿನ ಮೆನು ಕನ್ನಡಕ್ಕೆ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. 'ಕೊರಿಯಾದ ಹುರಿದ ಕೋಳಿ' ಸರೀನಾ? 'ಯಾಂಗ್‌ನ್ಯಮ್'ಗೆ ಏನು ಹಾಕಲಿ?

ಸರಿಯಲ್ಲ. ಹುರಿಯುವುದು ಬೇರೆ, ಕರಿಯುವುದು ಬೇರೆ. ರವೆ ಹುರಿಯುತ್ತೇವೆ, ಬೋಂಡ ಕರಿಯುತ್ತೇವೆ. ಇಂಗ್ಲಿಷಿನ 'ಫ್ರೈ'ಗೆ ಆ ವ್ಯತ್ಯಾಸ ಇಲ್ಲ ಅಂತ ನಾವೂ ಅದನ್ನು ಬಿಡಬೇಕಾ? ಕೊರಿಯನ್ನರೂ ಬಿಟ್ಟಿಲ್ಲ. ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದಕ್ಕೆ ಅವರು 'ಟ್ವಿಗಿದಾ' ಅನ್ನುತ್ತಾರೆ, ಬಾಣಲೆಯಲ್ಲಿ ಹುರಿಯುವುದಕ್ಕೆ 'ಬೊಕ್ತಾ'. ನಮ್ಮ ಜೋಡಿಗೆ ಸರಿಯಾಗಿ ಹೊಂದುವ ಜೋಡಿ ಅದು.

ಈ ತಿನಿಸಿಗೆ ಅದು ಇನ್ನೂ ಮುಖ್ಯ. ಸಾಮಾನ್ಯವಾಗಿ ಎರಡು ಸಲ ಕರಿಯುತ್ತಾರೆ. ಮೊದಲ ಸಲಕ್ಕೆ ಮಾಂಸ ಬೇಯುತ್ತದೆ, ಎರಡನೇ ಸಲಕ್ಕೆ ಹೊರಪದರದ ತೇವ ಹೋಗುತ್ತದೆ. ನಾನು ದಕ್ಷಿಣ ಕೊರಿಯಾದ ದೇಗು ಊರಿನಲ್ಲಿ ತಿಂದಾಗ 'ಬನ್‌ಬನ್' ಹೇಳಿದ್ದೆ, ಅಂದರೆ ಅರ್ಧ ಬರೀ ಕರಿದದ್ದು, ಅರ್ಧ ಯಾಂಗ್‌ನ್ಯಮ್ ಅನ್ನುವ ಸಿಹಿಖಾರ ಸಾಸ್ ಸವರಿದ್ದು. ಮಾತಾಡುತ್ತಾ ಅರ್ಧ ಗಂಟೆ ಕೂತೆವು. ಸಾಸ್ ಹತ್ತಿದ ತುಂಡು ಆಗಲೂ ಕಚ್ಚಿದರೆ ಗರಿಗರಿ! ಅದಕ್ಕೆ ಅವರ ಪದ 'ಬಸಾಕ್‌ಬಸಾಕ್'. ನಮ್ಮ ಹಾಗೇ ಜೋಡಿಸಿ ಹೇಳುತ್ತಾರೆ.

ಹಾಗಾದರೆ 'ಕರಿ' ಸೇರಿಸಿಯೇ ಹೆಸರು ಕಟ್ಟೋಣ. 'ಕರಿಕೋಳಿ ಅಂದರೆ ಕಪ್ಪು ಕೋಳಿ ಅಂದುಕೊಳ್ಳುತ್ತಾರೆ' ಅಂತ ಈ ಪ್ರಶ್ನೆಗೆ ಮೊದಲೇ ಉತ್ತರಿಸಿದ ಒಬ್ಬರು ಬರೆದಿದ್ದಾರೆ. ಕರಿಗಡುಬನ್ನು ಯಾರಾದರೂ ಕಪ್ಪು ಕಡುಬು ಅಂದುಕೊಂಡಿದ್ದಾರಾ? ಕರಿ ಮುಂದೆ ಕಡುಬು ಬಂದು ಗಡುಬಾದ ಹಾಗೆ ಕೋಳಿ ಗೋಳಿಯಾಗಲಿ. ಕರಿಗೋಳಿ. ನಾಲ್ಕೇ ಅಕ್ಷರ, ಬಾಯಿಗೂ ಸಲೀಸು.

ಸಂಸ್ಕೃತದ 'ಭರ್ಜಿತ ಕುಕ್ಕುಟ' ಅನ್ನುವ ಸಲಹೆ ಬೇಡವೇ ಬೇಡ. ಅದನ್ನು ಓದಿ ಯಾರಿಗೂ ಹಸಿವಾಗುವುದಿಲ್ಲ. 'ಚಿಕನ್ ಎರವಲು, ಅದಕ್ಕೇ ಇದು' ಅನ್ನುವುದಾದರೆ ಇದೂ ಎರವಲೇ ಅಲ್ವಾ? ಸಂಸ್ಕೃತದಿಂದ ತಂದರೆ ಸ್ವಂತ, ಇಂಗ್ಲಿಷಿನಿಂದ ತಂದರೆ ಸಾಲ ಅನ್ನುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಎರವಲಿಗೆ ಇಷ್ಟು ಹೆದರುವವರು ಕೊರಿಯನ್ನರನ್ನು ನೋಡಬೇಕು. ಕೋಳಿಗೆ ಅವರ ಪದ 'ದಾಕ್'. 'ಚಿಕಿನ್' ಅಂದರೆ ಸಾಮಾನ್ಯವಾಗಿ ಕರಿದ ಕೋಳಿ. ಇಂಗ್ಲಿಷಿನ ಪದ ತಂದು, ಅದರ ಅರ್ಥ ಕುಗ್ಗಿಸಿ, ತಮ್ಮದು ಮಾಡಿಕೊಂಡರು. ಅದರ ಮೊದಲ ತುಂಡಿಗೆ ಬಿಯರ್ ಅನ್ನುವ 'ಮೆಕ್ಜು'ವಿನ ಮೊದಲ ತುಂಡು ಸೇರಿಸಿ 'ಚಿಮೆಕ್' ಅಂದರು. ದೇಗುವಿನಲ್ಲಿ 2013ರಿಂದ ಅದರ ಹೆಸರಲ್ಲೇ ಹಬ್ಬ ನಡೆಯುತ್ತಿದೆ. 2021ರಲ್ಲಿ ಆ ಪದ ಆಕ್ಸ್‌ಫರ್ಡ್ ನಿಘಂಟಿಗೇ ಹೋಯಿತು. ತಂದ ಪದವನ್ನು ಬಡ್ಡಿ ಸಮೇತ ವಾಪಸ್ ಕೊಟ್ಟ ಹಾಗಾಯಿತು. ನಾವೂ ಇಂಥದ್ದು ಮಾಡಿದ್ದೇವೆ. ಬೆಳಿಗ್ಗೆ ಕೂಗುವುದು ಕೋಳಿ, ತಟ್ಟೆಗೆ ಬರುವುದು ಚಿಕನ್. ಹಾಗಾಗಿ ಹೋಟೆಲಿನವರು 'ಚಿಕನ್' ಇರಲೇಬೇಕು ಅಂದರೆ 'ಕೊರಿಯನ್ ಕರಿದ ಚಿಕನ್' ಹಾಕಿ, ನನ್ನ ತಕರಾರಿಲ್ಲ. 'ಹುರಿದ' ಮಾತ್ರ ಬೇಡ.

ಯಾಂಗ್‌ನ್ಯಮ್ ಅಂದರೆ ಸುಮ್ನೆ 'ಮಸಾಲೆ' ಅಂತ. ಆದರೆ ಹಾಗೆ ಬರೆದರೆ ನಮ್ಮವರು ಧನಿಯಾ, ಗರಂ ಮಸಾಲೆ ನೆನೆಸಿಕೊಂಡು ಬರುತ್ತಾರೆ. ಇದರಲ್ಲಿ ಇರುವುದು ಹುದುಗಿಸಿದ ಮೆಣಸಿನಕಾಯಿ ಪೇಸ್ಟ್ ಗೊಚುಜಂಗ್, ಬೆಳ್ಳುಳ್ಳಿ, ಸಿಹಿ ಪಾಕ. ಹೆಸರು ಹಾಗೇ ಬಿಟ್ಟು, ಕೆಳಗೆ ಸಣ್ಣಕ್ಷರದಲ್ಲಿ 'ಸಿಹಿಖಾರ ಸವರಿದ ಕರಿಗೋಳಿ' ಅಂತ ಹಾಕಿ.

ಜೊತೆಗೆ ಕೊಡುವ ಬಿಳಿ ಮೂಲಂಗಿ ತುಂಡನ್ನು 'ಉಪ್ಪಿನಕಾಯಿ' ಅನ್ನಬೇಡಿ. ಅದರಲ್ಲಿ ಎಣ್ಣೆಯೂ ಇಲ್ಲ, ಖಾರವೂ ಇಲ್ಲ. 'ಹುಳಿಸಿಹಿ ಮೂಲಂಗಿ' ಸಾಕು.