ಆಸ್ಪತ್ರೆ ಲೈನಲ್ಲಿ ನಿಂತಿದ್ದು ನಾನು, ಅತ್ತೆ ಕೈಮುಗಿದಿದ್ದು ಶಿವನಿಗೆ. ನಿಮ್ಮನೇಲೂ ಹೀಗೇನಾ?

ತುಮಕೂರು_ಸೊಸೆ:

ಮೊದಲೇ ಹೇಳ್ಬಿಡ್ತೀನಿ, ಇದು ಅತ್ತೆ ಮೇಲಿನ ದೂರಲ್ಲ. ಸ್ವಲ್ಪ ದೂರೂ ಇರಬಹುದು, ಓದಿ ನೀವೇ ಹೇಳಿ.

ಅತ್ತೆಗೆ ಈಚೆಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ಬೆಳಕು ಹರಿಯೋ ಮುಂಚೆ ಹೋಗಿ ಚೀಟಿ ಮಾಡಿಸಿದ್ದು ನಾನು. ಶುಗರ್ ಟೆಸ್ಟು, ಬಿಪಿ ಟೆಸ್ಟು ಅಂತ ಈ ಕೌಂಟರಿಂದ ಆ ಕೌಂಟರಿಗೆ ಅಲೆದಿದ್ದು ನಾನು. ಆಮೇಲೆ ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕಿದ್ದು, ತಲೆಗೆ ನೀರು ಬೀಳದ ಹಾಗೆ ಮೈ ಒರೆಸಿದ್ದು, "ಬಗ್ಗಬೇಡಿ ಅತ್ತೆ, ಒಲೆ ಹತ್ರ ಹೋಗ್ಬೇಡಿ ಅತ್ತೆ" ಅಂತ ಹಿಂದೆ ಹಿಂದೆ ತಿರುಗಿದ್ದೂ ನಾನೇ. ಪಟ್ಟಿ ಬಿಚ್ಚಿದ ಮಾರನೇ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, ಕ್ಯಾಲೆಂಡರಿನ ಮೂಲೇಲಿ ಸಣ್ಣಕ್ಷರದಲ್ಲಿದ್ದ ಪ್ರದೋಷದ ದಿನ ಓದಿಬಿಟ್ರು. ಓದಿ, ದೇವರ ಗೂಡಿನ ಕಡೆ ಕೈಮುಗಿದು, "ಶಿವ ನಡೆಸಿಕೊಟ್ಟ ಕಣಮ್ಮ" ಅಂದ್ರು. ನನ್ನ ಕೈಯಲ್ಲಿ ಆಗ್ಲೂ ಡ್ರಾಪ್ಸ್ ಬಾಟ್ಲಿ ಇತ್ತು.

ಅವರಿಗೆ ಇನ್ನೊಂದು ಅಭ್ಯಾಸ ಇದೆ. ಸಂಜೆ ದೀಪ ಹಚ್ಚಿ ವಿಭೂತಿ ಇಟ್ಕೊಂಡ ಮೇಲೆ ತಕ್ಷಣ ಏಳಲ್ಲ. ಮಣೆ ಮೇಲೆ ಕೂತೇ ಆವತ್ತಿನ ಲೆಕ್ಕ ಒಪ್ಪಿಸ್ತಾರೆ. ಜೋರಾಗೇ. "ಹಾಲಿನೋನು ಮಳೇಲೂ ತಪ್ಪಿಸ್ಲಿಲ್ಲ. ಪಕ್ಕದ್ಮನೆ ಹುಡುಗಿ ಮಹಡಿ ಮೇಲಿಂದ ನಮ್ಮ ಬಟ್ಟೇನೂ ಎತ್ಕೊಂಡ್ ಬಂದ್ಲು. ಬಸ್ಸಲ್ಲಿ ಆಧಾರ್ ಕಾರ್ಡು ಸಿಗೋ ತನಕ ಕಂಡಕ್ಟರು ಗೊಣಗದೆ ನಿಂತಿದ್ದ, ಅವನ ಮಕ್ಕಳು ಚೆನ್ನಾಗಿರ್ಲಿ." 2023ರಲ್ಲಿ ಹೆಂಗಸರಿಗೆ ಬಸ್ ಫ್ರೀ ಆದಾಗಿನಿಂದ ನಮ್ಮತ್ತೆ ಲೆಕ್ಕದಲ್ಲಿ ಕಂಡಕ್ಟರುಗಳೇ ಜಾಸ್ತಿ. ಕಾರ್ಡು ಇರೋದು ಎಲೆಅಡಿಕೆ ಚೀಲದ ತಳದಲ್ಲಿ, ಸುಣ್ಣದ ಡಬ್ಬಿ ಕೆಳಗೆ. ಅದು ಈಚೆ ಬರೋಷ್ಟರಲ್ಲಿ ಒಂದು ಸ್ಟಾಪು ಹೋಗಿರುತ್ತೆ.

ಆ ಲೆಕ್ಕದಲ್ಲಿ ಕಸದ ಗಾಡಿಯ ಅಮ್ಮ ಬರ್ತಾಳೆ, ಸೊಪ್ಪಿನವಳು ಬರ್ತಾಳೆ, ಬೀದಿ ನಾಯಿ ಕೂಡ ಒಂದ್ಸಲ ಬಂದಿತ್ತು. ನಾನು ಬಂದಿದ್ದು ನನಗೆ ನೆನಪಿಲ್ಲ. ನನ್ನ ಗಂಡನೂ ಇಲ್ಲ ಬಿಡಿ, ಅವರು ಮಾಡಿದ್ದೂ ಅಷ್ಟರಲ್ಲೇ ಇದೆ.

ಇದನ್ನ ಈಗ ಕೇಳೋಕೆ ಕಾರಣ ಮಗಳು. ಐದನೇ ಕ್ಲಾಸು. ಸ್ಕೂಲಲ್ಲಿ 'ಗ್ರಾಟಿಟ್ಯೂಡ್ ಜಾರ್' ಅಂತ ಮಾಡಿಸ್ತಿದ್ದಾರೆ. ದಿನಾ ಮೂರು ಚೀಟಿ ಬರೆದು ಡಬ್ಬಿಗೆ ಹಾಕಬೇಕು, ತಿಂಗಳ ಕೊನೇಲಿ ಮಿಸ್ ನೋಡ್ತಾರೆ. ನಮ್ಮವಳು ಭಾನುವಾರ ರಾತ್ರಿ ಕೂತು ವಾರದ್ದೆಲ್ಲ ಒಟ್ಟಿಗೆ ಬರೀತಾಳೆ: ಐಸ್‌ಕ್ರೀಮ್, ಅಮ್ಮ, ಅಪ್ಪ, ಐಸ್‌ಕ್ರೀಮ್. ಇನ್ನೊಂದು ಕಡೆ ಅಜ್ಜಿ ಪಕ್ಕ ಕೂತ್ರೆ ಅವಳೇ ಬಾಯಿ ಹಾಕ್ತಾಳೆ, "ಅಜ್ಜೀ, ಇವತ್ತು ಆಟೋ ಅಂಕಲ್ ನಾನು ಶೂ ಲೇಸ್ ಕಟ್ಕೊಳ್ಳೋವರೆಗೂ ಹಾರ್ನ್ ಹೊಡೀಲಿಲ್ಲ, ಅದನ್ನೂ ಹೇಳಿ" ಅಂತ. ಇದು ಡಬ್ಬಿಗೆ ಯಾಕೆ ಬೀಳಲ್ಲ?

ಇನ್ನೂ ಒಂದು ವಿಷಯ ಇದೆ, ಇದು ಸ್ವಲ್ಪ ಉದ್ದ. ನಮ್ಮ ಮಾವ, ಈಗಿಲ್ಲ, ಸಿದ್ಧಗಂಗಾ ಮಠದಲ್ಲಿದ್ದುಕೊಂಡು ಓದಿದವರು. ಮನೇಲಿ ಹೊಟ್ಟೆಗಿಲ್ಲದೆ ತಂದು ಬಿಟ್ಟಿದ್ರಂತೆ. ಮಠದಲ್ಲಿ ಜಾತಿ ಕೇಳ್ತಿರಲಿಲ್ಲ, ದುಡ್ಡು ಕೇಳ್ತಿರಲಿಲ್ಲ. ಸಾವಿರಾರು ಹುಡುಗರ ಜೊತೆ ಬೆಳಿಗ್ಗೆ ಸಂಜೆ ಸಾಮೂಹಿಕ ಪ್ರಾರ್ಥನೆ, ಆಮೇಲೆ ಪಂಕ್ತಿಯಲ್ಲಿ ಮುದ್ದೆ ಸಾರು. ಆ ರಾಗಿ ಎಲ್ಲಿಂದ ಬರ್ತಿತ್ತು? ಸುತ್ತಮುತ್ತಲ ಹಳ್ಳಿಯವರು ಒಕ್ಕಣೆ ಆದ ಮೇಲೆ ಮಠಕ್ಕೆ ಅಂತ ಎತ್ತಿಟ್ಟಿದ್ದು. ಶಿವಕುಮಾರ ಸ್ವಾಮೀಜಿಯವರೇ ಹಳ್ಳಿಹಳ್ಳಿ ತಿರುಗಿ ಭಿಕ್ಷೆ ತಂದು ಮಕ್ಕಳಿಗೆ ಉಣ್ಣಿಸಿದ ಕಾಲ ಅದು. ಮಾವ ನೌಕರಿ ಸೇರಿ, ಊರಲ್ಲಿ ನಾಲ್ಕು ಪಲ್ಲ ರಾಗಿ ಬೆಳೆಯೋ ಹಾಗಾದ ಮೇಲೆ ಪ್ರತಿ ಸುಗ್ಗೀಲೂ ಒಂದು ಮೂಟೆ ಮಠಕ್ಕೆ ಹಾಕಿಬರ್ತಿದ್ರು. 2019ರ ಜನವರಿ 21ಕ್ಕೆ ಸ್ವಾಮೀಜಿ 111ನೇ ವಯಸ್ಸಲ್ಲಿ ಲಿಂಗೈಕ್ಯರಾದಾಗ ತುಮಕೂರಿಗೆ ಲಕ್ಷಾಂತರ ಜನ ಬಂದ್ರಲ್ಲ, ಆವತ್ತೂ ಬಂದವರಿಗೆ ಊಟ ನಿಲ್ಲಲಿಲ್ಲ. ಮಾವ ಅಳ್ತಾ ಅಳ್ತಾ ಎಲೆ ಎತ್ತೋಕೆ ನಿಂತಿದ್ದು ನಾನೇ ನೋಡಿದ್ದೀನಿ.

ಅತ್ತೆ ಹೇಳೋದು ಇಷ್ಟೇ: "ನಿಮ್ಮ ಮಾವ ಯಾರ ಹೊಲದ ರಾಗಿ ಉಂಡ್ರೋ ಗೊತ್ತಿಲ್ಲ. ಗೊತ್ತಿಲ್ದೋರ ಹೆಸರೆಲ್ಲ ಶಿವ." ಇದು ನನಗೆ ಅರ್ಥ ಆಗುತ್ತೆ. ಆದ್ರೆ ನಾನು ಗೊತ್ತಿರೋಳಲ್ವಾ?

ನಿಮ್ಮ ಮನೆಗಳಲ್ಲಿ ಹೇಗೆ? ಮಕ್ಕಳಿಗೆ ಇದನ್ನ ಹೋಮ್‌ವರ್ಕ್ ಮಾಡದೆ ದಾಟಿಸೋದು ಹೇಗೆ?

ಒಗ್ಗರಣೆ_ಸೌಟು:

ಅಕ್ಕ, ಇದರಲ್ಲಿ ಕೇಳೋದೇನಿದೆ. ಮಗ ಮಾಡಿದ್ರೆ ಮಗನ ಗುಣ, ಸೊಸೆ ಮಾಡಿದ್ರೆ ದೇವರ ದಯೆ. ನಮ್ಮನೇಲೂ ಅದೇ ಲೆಡ್ಜರು. ನಾನಂತೂ ನಮ್ಮತ್ತೆ "ದೇವರು ಮಾಡಿಸಿದ" ಅಂದಾಗ "ಹೌದತ್ತೆ, ನಾಳೆ ಬಟ್ಟೇನೂ ಅವನೇ ಒಗೀತಾನಂತೆ" ಅಂದುಬಿಟ್ಟೆ. ಎರಡು ದಿನ ಮಾತಿಲ್ಲ. ಮೂರನೇ ದಿನ ಅವರೇ ನಕ್ಕರು. ನೀವು ಹೇಳದಿದ್ರೆ ಅವರಿಗೆ ಗೊತ್ತಾಗೋದು ಹೇಗೆ?

ಮಲ್ಲಯ್ಯನ_ಕಂಬಿ, ಬಾಗಲಕೋಟಿ:

ಅಕ್ಕಾರ, ನಮಸ್ಕಾರ್ರಿ. ನಾ ಪ್ರತಿವರ್ಷ ಯುಗಾದಿ ಮುಂದ ಶ್ರೀಶೈಲಕ್ಕ ನಡಕೋತ ಹೋಗೂ ಮಂದಿಯಾಗ ಒಬ್ಬ. ಅಲ್ಲಿ ದೇವಿ ಭ್ರಮರಾಂಬಾ ನಮ್ಮ ಕಡಿ ಮನಿಮಗಳ್ರಿ, ಮಗಳಿಗೆ ಸೀರಿ, ಅರಿಷಿಣ, ಕುಂಕುಮ ತಗೊಂಡ ತವರಿನವರು ಹೊಂಟಂಗ ಹೋಗ್ತೀವಿ.

ಮಾರ್ಚ್ ಬಿಸಿಲ ಹೆಂಗಿರ್ತದ ನಿಮಗ ಗೊತ್ತದ. ಡಾಂಬರ ಕಾದು ಚಪ್ಪಲಿ ಅಂಟ್ತದ. ಆದ್ರ ದಾರಿ ತುಂಬ ಮಂದಿ ಪೆಂಡಾಲ್ ಹಾಕ್ಕೊಂಡ ಕುಂತಿರ್ತಾರ. ಮಜ್ಜಿಗಿ, ಕಲ್ಲಂಗಡಿ, ರೊಟ್ಟಿ, ಶೇಂಗಾ ಹಿಂಡಿ. ರಾಯಚೂರ ದಾಟಿದ ಮ್ಯಾಲೆ ಭಾಷಾ ಬದಲಾಗ್ತದ, ಮಜ್ಜಿಗಿ ಬದಲಾಗೂದಿಲ್ಲ. ವೆಂಕಟಾಪುರದಿಂದ ನಲ್ಲಮಲ ಅಡವಿ ಹೊಕ್ಕಮ್ಯಾಲೆ ನಾಗಲೂಟಿ, ಪೆಚ್ಚೆರುವು, ಕೈಲಾಸ ದ್ವಾರ, ಅಲ್ಲಿ ಕುಡಿಯೂ ನೀರ ಇಟ್ಟವನ ದೇವರು.

ಒಂದ ಸರ್ತಿ ನನ್ನ ಅಂಗಾಲಾಗ ಬೊಬ್ಬಿ ಎದ್ದು ಒಡೆದಿದ್ವು. ಒಂದ ಪೆಂಡಾಲದಾಗ ಒಬ್ಬ ಮುದುಕ, ನಮ್ಮಪ್ಪನ ವಾರಗಿ, ನನ್ನ ಕಾಲು ತನ್ನ ತೊಡಿ ಮ್ಯಾಲೆ ಇಟ್ಕೊಂಡ. ಬಿಸಿನೀರಾಗ ಅರಿವಿ ಅದ್ದಿ ಒರೆಸಿದ, ಬೊಬ್ಬಿ ಸುತ್ತ ಎಣ್ಣಿ ಹಚ್ಚಿದ, ತನ್ನ ಧೋತರದ ಅಂಚು ಹರದು ಕಟ್ಟಿದ. ನಾ "ಅಜ್ಜಾ, ನಿಮ್ಮ ಉಪಕಾರ ಹೆಂಗ ತೀರಸ್ಲಿ" ಅಂದ್ರ, ಅವನ ನನ್ನ ಕಾಲಿಗಿ ಹಣಿ ಹಚ್ಚಿ, "ನನಗ ನಡಿಯಾಕ ಆಗೂದಿಲ್ಲಪಾ, ನನ್ನ ಪಾಲಿನ ದಾರೀನೂ ನೀನ ನಡಿ" ಅಂದ. ನನಗ ನಾಚಿಕಿ ಬಂತು. ಅಂದ್ರ ನೋಡ್ರಿ, ಉಪಕಾರ ಯಾರು ಯಾರಿಗಿ ಮಾಡಿದ್ರು?

ನಿಮ್ಮ ಅತ್ತಿಯವರ ಲೆಕ್ಕದಾಗ ನೀವ್ಯಾಕ ಬರೂದಿಲ್ಲ ಅಂದ್ರ, ಅವರು ನಿಮ್ಮನ್ನ ಹೊರಗಿನವರು ಅಂತ ಹಿಡದಿಲ್ಲ. ಕೈ ಬಾಯಿಗೆ ತುತ್ತು ಹಾಕ್ತದ, ಬಾಯಿ ಕೈಗೆ ಶರಣು ಅಂತದೇನ್ರಿ?

ಒಗ್ಗರಣೆ_ಸೌಟು:

ಅಣ್ಣಾ, ಕತೆ ಓದಿ ಕಣ್ಣಲ್ಲಿ ನೀರು ಬಂತು, ಆದ್ರೆ ಕೊನೇ ಸಾಲು ಒಪ್ಪಲ್ಲ. ಸ್ವಂತ ಕೈಗೂ ಚಳಿಗಾಲದಲ್ಲಿ ಎಣ್ಣೆ ಹಚ್ಕೋಬೇಕಾಗುತ್ತೆ.

ತುಮಕೂರು_ಸೊಸೆ:

ಇಬ್ರೂ ಸರಿ ಅನ್ನಿಸ್ತಿದೆ, ಅದೇ ಕಷ್ಟ. 😄 ಅಣ್ಣಾವ್ರೇ, ಆ ಅಜ್ಜನ ಮಾತು ನಮ್ಮತ್ತೆಗೆ ಓದಿ ಹೇಳ್ತೀನಿ.

ತೆನೆ_ಮನೆ, ಮಂಗಳೂರು:

ನಾವು ಕೊಂಕಣಿ ಕ್ಯಾಥೊಲಿಕರು. ಮಕ್ಕಳ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೇನೆ, ಅತ್ತೆ ಸೊಸೆ ವಿಷಯಕ್ಕೆ ಕೈ ಹಾಕುವ ಧೈರ್ಯ ನನಗಿಲ್ಲ ಮಾರಾಯ್ರೆ.

ನಮ್ಮಲ್ಲಿ ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಮಾತೆ ಮರಿಯಮ್ಮನವರ ಜನ್ಮದಿನ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಚರ್ಚಿನಲ್ಲಿ ಮಾತೆಗೆ ಅರ್ಪಿಸಬೇಕು. ಅಂಗಡಿ ಹೂ ಅಲ್ಲ, ಬೇಲಿಯಲ್ಲಿ ಸಿಕ್ಕಿದ್ದು, ಪಕ್ಕದ ಮನೆಯಲ್ಲಿ ಕೇಳಿ ತಂದದ್ದು. ಮಳೆ ಬರ್ತಾ ಇರ್ತದೆ, ಕೊಡೆ ಹಿಡ್ಕೊಂಡು ನಾಲ್ಕು ಮನೆ ತಿರುಗಬೇಕು. ನನ್ನ ಮಗನಿಗೆ ನಮ್ಮ ಕೇರಿಯಲ್ಲಿ ಯಾರ ಹಿತ್ತಲಲ್ಲಿ ಯಾವ ಹೂ ಉಂಟು, ಯಾವ ಅಜ್ಜಿ ಬೈದರೂ ಕೊಡ್ತಾರೆ ಅಂತ ಗೊತ್ತಿರುವುದು ಹಾಗೆ. ಅದನ್ನು ಅವನು ಚೀಟಿಯಲ್ಲಿ ಬರೆಯಬೇಕಾಗಿಲ್ಲ.

ಹಬ್ಬದ ದಿನ ಪೂಜೆಯಲ್ಲಿ ಹೊಸ ತೆನೆ ಆಶೀರ್ವಾದ ಮಾಡಿ ಮನೆಗೆ ಕೊಡ್ತಾರೆ. ನಮ್ಮ ಗದ್ದೆ ಹೋಗಿ ಅಡಿಕೆ ತೋಟ ಆಗಿ ಎಷ್ಟೋ ಕಾಲವಾಯಿತು, ಈಗ ನಮ್ಮ ಚರ್ಚಿಗೆ ತೆನೆ ಕೊಡುವುದು ಗದ್ದೆ ಇನ್ನೂ ಇಟ್ಟುಕೊಂಡಿರುವ ಒಬ್ಬರು ಬಂಟರ ಮನೆಯವರು. ಅಮ್ಮ ಉಗುರಿನಿಂದ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ, ಪ್ರಾರ್ಥನೆ ಆದ ಮೇಲೆ ಎಲ್ಲರಿಗೂ ಒಂದೊಂದು ಗುಟುಕು ಕೊಡ್ತಾರೆ. ಆಮೇಲೆ ಬೆಸ ಲೆಕ್ಕದಲ್ಲಿ ತರಕಾರಿ ಪದಾರ್ಥ ಮಾಡಿ ಊಟ, ಆವತ್ತು ಮೀನು ಮಾಂಸ ಇಲ್ಲ. ಕುವೈತಿನಲ್ಲಿರುವ ತಂಗಿಗೆ ಸ್ವಲ್ಪ ಕಾಳು ಲಕೋಟೆಯಲ್ಲಿ ಹೋಗ್ತದೆ. ಲಕೋಟೆ ಅಂಟಿಸುವುದು, ವಿಳಾಸ ಬರೆಯುವುದು ಮಗನ ಕೆಲಸ. ಅತ್ತೆಗೆ ತಲುಪಿತಾ ಅಂತ ಅವನೇ ಫೋನು ಮಾಡಿ ಕೇಳ್ತಾನೆ.

ನನ್ನ ಅಭಿಪ್ರಾಯ, ಮಕ್ಕಳಿಗೆ ಬರೆಯಲು ಕೊಡಬೇಡಿ, ಹೊತ್ತುಕೊಂಡು ಹೋಗಲು ಏನಾದರೂ ಕೊಡಿ. ಸಾರು, ಹೂ, ಪ್ರಸಾದ, ಏನಾದರೂ ಸರಿ. ಆ ರಾಗಿ ಮೂಟೆ ಈಗಲೂ ಮಠಕ್ಕೆ ಹೋಗ್ತದಾ? ಮಗಳು ಹೋಗಿದ್ದಾಳಾ ಜೊತೆಗೆ?

ಖಾಲಿ_ತಟ್ಟೆ, ಕಲಬುರಗಿ:

ಅಸ್ಸಲಾಮು ಅಲೈಕುಮ್, ಶರಣು. ನಿಮ್ಮ ಮೊದಲನೇ ಪ್ರಶ್ನೆಗೆ ನಮ್ಮಲ್ಲಿ ಒಂದು ಹದೀಸ್, ಅಂದರೆ ಪ್ರವಾದಿಯವರ ಮಾತು, ಇದೆ: ಜನರಿಗೆ ಕೃತಜ್ಞತೆ ಹೇಳದವನು ಅಲ್ಲಾಹನಿಗೂ ಹೇಳಿದಂತಲ್ಲ, ಅಂತ. ನಮ್ಮ ಅಮ್ಮಿ ಇದನ್ನು ನಮ್ಮ ಅಪ್ಪನ ಮೇಲೆ ಪ್ರಯೋಗಿಸುತ್ತಿದ್ದರು. ಅಪ್ಪ ಉಂಡು "ಅಲ್‌ಹಮ್ದುಲಿಲ್ಲಾಹ್" ಅಂದರೆ ಅಮ್ಮಿ ಅಡುಗೆಮನೆಯಿಂದಲೇ, "ಹದೀಸಿನ ಇನ್ನರ್ಧ ಬಾಕಿ ಇದೆ" ಅನ್ನೋರು. ಅಪ್ಪ ನಗುತ್ತಾ "ಸಾಲನ್ ಚೆನ್ನಾಗಿತ್ತು" ಅಂತ ಸೇರಿಸೋರು. ಆದ್ದರಿಂದ ಸೌಟು ಅಕ್ಕನವರ ಪಕ್ಷ ನಾನು.

ಮಕ್ಕಳ ವಿಷಯಕ್ಕೆ ಮಂಗಳೂರಿನವರು ಹೇಳಿದ್ದೇ ಸರಿ. ರಂಜಾನಿನಲ್ಲಿ ಇಫ್ತಾರಿಗೆ ಮುಂಚೆ ಖರ್ಜೂರ, ಹಣ್ಣು, ಮಿರ್ಚಿ ಭಜಿ ಇಟ್ಟ ತಟ್ಟೆಗೆ ಕಸೂತಿ ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗೆ ಒಯ್ಯುವ ಕೆಲಸ ನನ್ನದಿತ್ತು. ಎದುರು ಮನೆ ಅವ್ವ ತಟ್ಟೆ ಎಂದೂ ಖಾಲಿ ವಾಪಸ್ ಕೊಟ್ಟವರಲ್ಲ. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆ, ಅದೂ ಇಲ್ಲದಿದ್ದರೆ ಬೆಲ್ಲದ ಚೂರು. ದಾರೀಲೇ ಅದನ್ನು ನಾನು ಮುಗಿಸುತ್ತೇನೆ ಅಂತ ಅವರಿಗೂ ಗೊತ್ತಿತ್ತು, ಅಮ್ಮಿಗೂ ಗೊತ್ತಿತ್ತು. ಎಳ್ಳಮಾವಾಸ್ಯೆಗೆ ಅವರ ಮನೆಯಿಂದ ಭಜ್ಜಿ, ಸಜ್ಜೆ ಕಡಬು ಬಂದರೆ ನಮ್ಮ ಮನೆಯಿಂದ ಆ ಪಾತ್ರೆ ಏನು ತುಂಬಿಕೊಂಡು ಹೋಗಬೇಕು ಅನ್ನೋ ಚರ್ಚೆ ಮೂರು ದಿನ ನಡೆಯುತ್ತಿತ್ತು. ಅವರ ಪಾತ್ರೆ ಕೆಲವು ನಮ್ಮಲ್ಲೇ ಉಳಿದಿವೆ, ನಮ್ಮವು ಅಲ್ಲಿ.

ತುಮಕೂರು_ಸೊಸೆ:

ಎಲ್ಲಾ ಅತ್ತೆಗೆ ಓದಿ ಹೇಳಿದೆ. ಬಾಗಲಕೋಟೆ ಅಜ್ಜನ ಭಾಗ ಎರಡು ಸಲ ಓದಿಸಿದ್ರು. ಹದೀಸು ಕೇಳಿ "ಆ ತಾಯಿ ಜಾಣೆ" ಅಂದ್ರು, ಅಷ್ಟೇ. ಆಮೇಲೆ ರಾತ್ರಿ ನಾನು ಪಾತ್ರೆ ತೊಳೀತಿದ್ದಾಗ ಪಕ್ಕ ಬಂದು ನಿಂತು ಒರೆಸಿ ಇಡೋಕೆ ಶುರು ಮಾಡಿದ್ರು. ನಾನೂ ಬೇಡ ಅನ್ನಲಿಲ್ಲ.

ಮಂಗಳೂರಿನವರೇ, ಮಾವ ಹೋದ ಮೇಲೆ ಹೊಲ ವಾರಕ್ಕೆ, ಅಂದ್ರೆ ಬೆಳೆ ಪಾಲಿಗೆ, ಕೊಟ್ಟಿದ್ದೀವಿ. ವಾರದವರು ನಮ್ಮ ಪಾಲು ಮನೆಗೇ ತಂದು ಹಾಕ್ತಾರೆ, ಮಠದ ಮೂಟೆ ನಿಂತುಹೋಗಿದೆ. ಈ ಸಲ ಒಕ್ಕಣೆ ಆದ ಮೇಲೆ ಮೂಟೆ ಆಗದಿದ್ರೂ ಒಂದು ಚೀಲ ಕಟ್ಟೋಣ ಅಂತ ಅತ್ತೆ, ನಾನು ಮಾತಾಡ್ಕೊಂಡ್ವಿ. ಚೀಲ ಹೊರೋದು ಯಾರು ಅಂತ ಕೇಳಿದ್ದಕ್ಕೆ ಮಗಳು, "ನಾನು ಅಜ್ಜಿ ಬಸ್ಸಲ್ಲಿ ಫ್ರೀ, ಅಪ್ಪಂಗೆ ಮಾತ್ರ ಟಿಕೆಟ್, ಅಪ್ಪನೇ ಹೊರಲಿ" ಅಂತ ತೀರ್ಪು ಕೊಟ್ಟಾಯ್ತು.

ಮಲ್ಲಯ್ಯನ_ಕಂಬಿ, ಬಾಗಲಕೋಟಿ:

ಅಕ್ಕಾರ, ಶಿವರಾತ್ರಿ ಹೊತ್ತಿಗೆ ಸಿದ್ಧಗಂಗಿ ಜಾತ್ರ್ಯಾಗ ದನದ ಪ್ಯಾಟಿ ಜೋರ ಇರ್ತದಂತಲ್ರಿ? ನಮ್ಮ ಅಣ್ಣನಿಗಿ ಒಂದ ಜೋಡಿ ಹೋರಿ ನೋಡಬೇಕಾಗೇದ.

ತುಮಕೂರು_ಸೊಸೆ:

ಬನ್ನಿ ಅಣ್ಣಾ. ಹಳ್ಳಿಕಾರ್ ಜೋಡಿ ಬೇಕಂದ್ರೆ ಶಿವರಾತ್ರಿಗೆ ಮುಂಚೆ ಬರಬೇಕು, ಒಳ್ಳೇವು ಮೊದಲೇ ಹೋಗ್ಬಿಡ್ತವೆ. ಊಟ ಮಠದಲ್ಲಿ, ಕಾಫಿ ನಮ್ಮನೇಲಿ. ಅಡ್ರೆಸ್ ಮೆಸೇಜಲ್ಲಿ ಕಳಿಸ್ತೀನಿ.