ಮೊದಲು ಖಾಲಿಯಾಗೋದು ಯಾವುದು?

ಪ್ರಶ್ನೆ: ಮೇಡಂ, ಕಾರ್ಖಾನೆಗಳಿಗೆ ಕಚ್ಚಾ ಮಾಲು ತರಿಸುವ ಕೆಲಸ ನಿಮ್ಮದು ಅಂತ ಗ್ರೂಪಿನಲ್ಲಿ ಬರೆದಿದ್ದಿರಿ. ಎಣ್ಣೆ ಮುಗಿಯುತ್ತೆ, ನೀರು ಮುಗಿಯುತ್ತೆ, ಆಮೇಲೆ ದಂಗೆ ಅಂತ ದಿನಕ್ಕೊಂದು ವಿಡಿಯೊ ಬರುತ್ತಿದೆ. ನಿಜಕ್ಕೂ ಮೊದಲು ಖಾಲಿಯಾಗೋದು ಯಾವುದು?

ಉತ್ತರ: ಭೂಮಿಯೊಳಗಿನ ಸರಕು ಮುಗಿದು ಕೆಲಸ ನಿಂತಿದ್ದನ್ನು ನಾನು ಇದುವರೆಗೆ ನೋಡಿಲ್ಲ. ಯಾರೂ ಹೆಸರೇ ಕೇಳದ ಯಾವುದೋ ಒಂದು ಮಾಲು ಬಾರದೆ ನಿಂತಿದ್ದು ಬೇಕಾದಷ್ಟಿದೆ.

2021ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್‌ನಲ್ಲಿ ಆದದ್ದು ನೋಡಿ. ನೈಸರ್ಗಿಕ ಅನಿಲದ ಬೆಲೆ ಏರಿತು. ಆ ಅನಿಲದಿಂದ ಅಮೋನಿಯಾ ಮಾಡುವ ಎರಡು ಗೊಬ್ಬರದ ಕಾರ್ಖಾನೆಗಳು ನಷ್ಟ ಯಾಕೆ ಅಂತ ಕೆಲಸ ನಿಲ್ಲಿಸಿದವು. ಹೊಲಕ್ಕೆ ತೊಂದರೆ ಅಂದುಕೊಳ್ಳುತ್ತೀರಿ, ಅಲ್ವಾ? ಮೊದಲ ಏಟು ಬಿದ್ದದ್ದು ಮಾಂಸದ ವ್ಯಾಪಾರಕ್ಕೆ. ಅಮೋನಿಯಾ ಮಾಡುವಾಗ ಕಾರ್ಬನ್ ಡೈಆಕ್ಸೈಡ್ ಕೂಡ ಬರುತ್ತದೆ. ಹಂದಿ, ಕೋಳಿ ಕೊಯ್ಯುವ ಮುಂಚೆ ಪ್ರಜ್ಞೆ ತಪ್ಪಿಸಲು ಅದೇ ಬೇಕು. ಮಾಂಸದ ಪ್ಯಾಕಿಂಗಿಗೆ, ಸೋಡಾಗೂ ಅದೇ. ದೇಶಕ್ಕೆ ಬೇಕಾದದ್ದರಲ್ಲಿ ಸುಮಾರು ಶೇ 60 ಆ ಎರಡೇ ಕಡೆಯಿಂದ ಬರುತ್ತಿತ್ತು! ಕೊನೆಗೆ ಸರ್ಕಾರವೇ ದುಡ್ಡು ಕೊಟ್ಟು ಒಂದನ್ನು ಮತ್ತೆ ಶುರು ಮಾಡಿಸಿತು.

ಅದೇ ವರ್ಷ ಚೀನಾ ಯೂರಿಯಾ ರಫ್ತನ್ನು ಬಿಗಿ ಮಾಡಿತು. ದಕ್ಷಿಣ ಕೊರಿಯಾದಲ್ಲಿ ಲಾರಿಗಳು ನಿಲ್ಲುವ ಹಾಗಾಯಿತು. ಡೀಸೆಲ್ ಹೊಗೆ ತೊಳೆಯಲು ಯೂರಿಯಾ ದ್ರಾವಣ ಬೇಕು, ಅದಿಲ್ಲದಿದ್ದರೆ ಹೊಸ ಲಾರಿ ಸ್ಟಾರ್ಟೇ ಆಗೋದಿಲ್ಲ. ಟ್ಯಾಂಕ್ ತುಂಬ ಡೀಸೆಲ್ ಇದ್ದರೂ ಅಷ್ಟೇ. ಆಸ್ಟ್ರೇಲಿಯಾದಿಂದ ವಾಯುಪಡೆಯ ವಿಮಾನದಲ್ಲಿ ಆ ದ್ರಾವಣವನ್ನು 27,000 ಲೀಟರ್ ತರಿಸಿಕೊಂಡರು.

ಇನ್ನೊಬ್ಬರ ಪ್ರಶ್ನೆ: ಸೋಡಾ ಸಿಗದಿದ್ದರೆ ಯಾವ ಸರ್ಕಾರವೂ ಬೀಳೋದಿಲ್ಲ ಮೇಡಂ. ಊಟಕ್ಕೇ ಕೊರತೆ ಬಂದರೆ?

ಉತ್ತರ: ಬೀಳುತ್ತದೆ, ಬಿದ್ದಿದೆ. ಆದರೆ ಬೆಳೆ ಕೆಟ್ಟೇ ಬೀಳಬೇಕೆಂದಿಲ್ಲ.

2008ರ ಅಕ್ಕಿ ಕಥೆ ಕೇಳಿ. ಜಗತ್ತಿನ ಭತ್ತದ ಬೆಳೆ ಆಗ ಚೆನ್ನಾಗಿಯೇ ಇತ್ತು. ಗೋಧಿ ಬೆಲೆ ಏರಿದ್ದು ಕಂಡು ಭಾರತ, ವಿಯೆಟ್ನಾಂ ಅಕ್ಕಿ ರಫ್ತಿಗೆ ತಡೆ ಹಾಕಿದವು. ಫಿಲಿಪೀನ್ಸ್‌ನಂಥ ದೇಶಗಳು ಗಾಬರಿಯಲ್ಲಿ ಕೇಳಿದ ಬೆಲೆ ಕೊಟ್ಟು ಕೊಂಡವು. ಕೆಲವೇ ತಿಂಗಳಲ್ಲಿ ಬೆಲೆ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಹೈಟಿಯಲ್ಲಿ ಜನ ಬೀದಿಗಿಳಿದರು, ಏಪ್ರಿಲ್‌ನಲ್ಲಿ ಪ್ರಧಾನಿಯ ಕುರ್ಚಿ ಹೋಯಿತು. ಬೆಲೆ ಇಳಿಯತೊಡಗಿದ್ದು ಹೇಗೆ ಗೊತ್ತಾ? ಜಪಾನ್ ಗೋದಾಮಿನಲ್ಲಿ ಸುಮ್ನೆ ಕೂತಿದ್ದ ಆಮದು ಅಕ್ಕಿಯನ್ನು ಹೊರಗೆ ಬಿಡಬಹುದು ಅನ್ನೋ ಸುದ್ದಿಗೆ! ಮೂಟೆ ಹಡಗು ಹತ್ತುವ ಮುಂಚೆಯೇ.

ನಿಜವಾದ ಕೊರತೆ ಇಲ್ಲ ಅಂತ ನಾನು ಹೇಳುತ್ತಿಲ್ಲ. 2018ರಲ್ಲಿ ಕೇಪ್ ಟೌನ್‌ನ ಅಣೆಕಟ್ಟುಗಳು ಬರಿದಾಗುತ್ತಾ ಬಂದಿದ್ದವು. ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದರು, ಜನ ಪಾಲಿಸಿದರು, ಆಮೇಲೆ ಮಳೆಯೂ ಬಂತು. ನಲ್ಲಿ ಬಂದ್ ಮಾಡುವ ದಿನ ಬರಲಿಲ್ಲ.

ಪ್ರಶ್ನೆ: ಹಾಗಾದರೆ ಮನೆಯಲ್ಲಿ ಒಂದಷ್ಟು ತಂದಿಟ್ಟುಕೊಳ್ಳೋದು ತಪ್ಪಾ?

ಉತ್ತರ: ಎಲ್ಲ ಸರಿಯಿರುವಾಗ ಪ್ರತಿ ಸಲ ಸ್ವಲ್ಪ ಜಾಸ್ತಿ ತಂದು ಎರಡು ವಾರಕ್ಕಾಗುವಷ್ಟು ಇಟ್ಟುಕೊಳ್ಳಿ, ಏನೂ ತಪ್ಪಿಲ್ಲ. ಸುದ್ದಿ ಬಂದ ದಿನ ಓಡಬೇಡಿ. ಫಿಲಿಪೀನ್ಸ್ ಮಾಡಿದ್ದು ಅದನ್ನೇ, ನಾವು ಮಾಡಿದರೆ ಚಿಕ್ಕ ಚೀಲದಲ್ಲಿ, ಅಷ್ಟೇ. ವಿಡಿಯೊಗಳ ಬದಲು ಯಾವ ದೇಶ ಯಾವುದರ ರಫ್ತು ನಿಲ್ಲಿಸಿತು ಅಂತ ನೋಡಿ. ಆಫೀಸಿನಲ್ಲಿ ಬೆಳಿಗ್ಗೆ ನಾನು ಮೊದಲು ತೆಗೆಯೋದು ಅದೇ ಪಟ್ಟಿ.